ಕ್ರಿಸ್ತಭಕ್ತ ಕವಿ ನಾರಾಯಣ ವಾಮನ ಟಿಳಕ

ತಿಲಕರೆಂದೊಡನೆ ನಮ್ಮ ಮನಸ್ಸು ಲೋಕಮಾನ್ಯರೆಡೆಗೆ ಹರಿಯುವುದು ಸಹಜ. ಅದೇ ರತ್ನಾಗಿರಿ ಜಿಲ್ಲೆಯಲ್ಲಿ, ಅದೇ ಚಿತ್ಪಾವನ ಬ್ರಾಹ್ಮಣ ಸಮಾಜದಲ್ಲಿ, ಅವರಿಗಿಂತ ಐದು ವರ್ಷ ಕಿರಿಯರಾಗಿ ಇನ್ನೊಬ್ಬ ಟಿಳಕರು ಜನಿಸಿದರು. ಲೋಕಮಾನ್ಯರು ಸ್ವರಾಜ್ಯಕ್ಕಾಗಿ ಸೆರೆಮನೆ ಕಂಡರು. ಈ ಟಿಳಕರು ತಮ್ಮ ಶ್ರದ್ಧೆಗಾಗಿ ಕುಲವನ್ನೂ ಬಂಧುಗಳನ್ನೂ ಕೆಲಕಾಲ ಹೆಂಡತಿಮಗನನ್ನೂ ಕಳೆದುಕೊಂಡರು. ಆದರೆ ತಮ್ಮ ಭಾಷೆಯನ್ನು ಮಾತ್ರ ಬಿಡಲಿಲ್ಲ.

ನಾರಾಯಣ ವಾಮನ ಟಿಳಕರು 1861ರ ಡಿಸೆಂಬರ್ 6ರಂದು ಕರಜಗಾಂವದಲ್ಲಿ ಹುಟ್ಟಿದರು. ತಂದೆ ಕಠಿಣ ಸ್ವಭಾವದವರು. ತಾಯಿ ಜಾನಕೀಬಾಯಿಗೆ ಹಾಡೆಂದರೆ ಪ್ರಾಣ. ತಾಯಿ ತೀರಿಕೊಂಡ ಬಳಿಕ ಆ ಮನೆಯಲ್ಲಿ ನಿಲ್ಲಲಾರದೆ ಬಾಲಕನು ನಾಸಿಕ ಸೇರಿದನು. ಅಲ್ಲಿ ಸಂಸ್ಕೃತದಲ್ಲಿ ಒಳ್ಳೆಯ ವ್ಯುತ್ಪತ್ತಿ ದೊರೆಯಿತು. ಸ್ಥಿರತೆ ಮಾತ್ರ ದೊರೆಯಲಿಲ್ಲ. 1880ರಲ್ಲಿ ಹನ್ನೊಂದರ ಬಾಲೆಯೊಡನೆ ಮದುವೆಯಾಯಿತು. ಆಕೆಯೇ ಮುಂದೆ ಹೆಸರಾದ ಲಕ್ಷ್ಮೀಬಾಯಿ. ಹೆಂಡತಿಯನ್ನು ಬಂಧುಗಳ ಮನೆಯಲ್ಲಿ ಬಿಟ್ಟು ಹೇಳದೆ ಕೇಳದೆ ಊರೂರು ಅಲೆಯುವುದು ಈ ಕವಿಗೆ ವಾಡಿಕೆಯಾಗಿತ್ತು. ಸತ್ಯಾನ್ವೇಷಣೆ ಎಂದು ನಾವು ಇದನ್ನು ಎಷ್ಟೇ ಹೊಗಳಿದರೂ ಅದರ ಬೆಲೆ ತೆತ್ತವರು ಮನೆಯವರೇ.

1893ರಲ್ಲಿ ನಾಗಪುರದಿಂದ ರಾಜನಾಂದಗಾಂವಕ್ಕೆ ಹೋಗುತ್ತಿದ್ದಾಗ ರೈಲಿನಲ್ಲಿ ಐರೋಪ್ಯನೊಬ್ಬನ ಪರಿಚಯವಾಯಿತು. ಸಂಸ್ಕೃತ ಕಾವ್ಯದಿಂದ ಮೊದಲಾದ ಮಾತು ಧರ್ಮದೆಡೆಗೆ ತಿರುಗಿತು. ಇಳಿಯುವ ಮುನ್ನ ಆತನು ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೊಟ್ಟು, ಎರಡು ವರ್ಷದೊಳಗೆ ನೀವು ಕ್ರೈಸ್ತರಾಗುವಿರೆಂದು ನುಡಿದನಂತೆ. ಟಿಳಕರು ಅದನ್ನು ನಂಬಲಿಲ್ಲ. ಆದರೂ ಕೊಟ್ಟ ಮಾತಿಗಾಗಿ ಓದತೊಡಗಿದರು. ಗಿರಿಪ್ರವಚನದ ಪುಟಗಳಿಗೆ ಬಂದಾಗ ಪುಸ್ತಕ ಕೆಳಗಿಡಲಾಗಲಿಲ್ಲ. 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು.

ಲಕ್ಷ್ಮೀಬಾಯಿಗೆ ಇದು ಸಿಡಿಲಿನಂತೆ ಎರಗಿತು. ಗಂಡ ಬದುಕಿರುವಾಗಲೇ ಗಂಡನಿಲ್ಲದವಳ ಪಾಡು. ಎಳೆಯ ಮಗ ದತ್ತುವನ್ನು ಕಟ್ಟಿಕೊಂಡು ಆಕೆ ನೆಂಟರ ಆಶ್ರಯದಲ್ಲಿ ದಿನ ಕಳೆದರು; ಕೆಲಕಾಲ, ಕನ್ನಡಿಗರಿಗೂ ಯಾತ್ರಾಸ್ಥಳವಾದ ಪಂಢರಪುರದಲ್ಲಿದ್ದರು. ಕೆಲವು ವರ್ಷಗಳ ತರುವಾಯ ಮತ್ತೆ ಪತಿಯ ಬಳಿಗೆ ಬಂದರೂ ಜಾತಿ ಬಿಡಲಿಲ್ಲ. ಅಡುಗೆ ಬೇರೆ, ನೀರು ಬೇರೆ, ಮಡಿ ಬೇರೆ. ಟಿಳಕರು ಬಲವಂತ ಮಾಡಲಿಲ್ಲ. ಅಲೆಮಾರಿಯಾಗಿದ್ದಾತನು ಕಾಯಲು ಕಲಿತದ್ದು ಆಗಲೇ ಎಂದು ತೋರುತ್ತದೆ. ಮನುಷ್ಯನನ್ನು ಮಾಡಿದವನು ದೇವರು, ಜಾತಿಯನ್ನು ಮಾಡಿದವನು ಮನುಷ್ಯ ಎಂಬುದು ಆಕೆಗೆ ತಾನಾಗಿಯೇ ಹೊಳೆಯಿತು. 1900ರಲ್ಲಿ ಆಕೆಯೂ ದೀಕ್ಷಾಸ್ನಾನ ಪಡೆದರು.

1904ರಲ್ಲಿ ಟಿಳಕರಿಗೆ ಪಾದ್ರಿಯ ಪಟ್ಟವಾಯಿತು. ಆ ಕಾಲದ ಮರಾಠಿ ದೇವಾಲಯಗಳಲ್ಲಿ ಇಂಗ್ಲಿಷ್ ಗೀತೆಗಳ ಭಾಷಾಂತರಗಳನ್ನು ಇಂಗ್ಲಿಷ್ ಧಾಟಿಯಲ್ಲೇ ಹಾಡುವುದು ರೂಢಿ. ಪರಭಾಷೆಯ ರಾಗಕ್ಕೆ ತಾಯ್ನುಡಿಯ ಮಾತನ್ನು ಹಿಗ್ಗಿಸಿ ಕುಗ್ಗಿಸಿ ಕೂಡಿಸಿದರೆ ಕಿವಿಗೆ ಹೇಗಿರುವುದೆಂಬುದನ್ನು ಓದುಗರು ಬಲ್ಲರು. ಟಿಳಕರು ಜ್ಞಾನೇಶ್ವರ, ನಾಮದೇವ, ತುಕಾರಾಮರ ದಾರಿ ಹಿಡಿದರು. ಅಭಂಗ, ಓವಿ, ಭಜನೆಗಳಲ್ಲಿ ಕ್ರಿಸ್ತನನ್ನು ಹಾಡಿದರು. ತಾಳ ಮೃದಂಗಗಳೊಡನೆ ಕ್ರೈಸ್ತ ಕೀರ್ತನೆಗಳನ್ನು ಮಾಡಿದರು. ತುಕಾರಾಮನೆಂಬ ಸೇತುವೆಯ ಮೇಲೆ ನಡೆದೇ ತಾವು ಕ್ರಿಸ್ತನ ಪಾದ ಸೇರಿದುದಾಗಿ ಹೇಳಿಕೊಳ್ಳುತ್ತಿದ್ದರು. ಆ ಹಾಡುಗಳಲ್ಲಿ ಹಲವು ಮರಾಠಿ ಕ್ರೈಸ್ತರ ನಾಲಗೆಯ ಮೇಲೆ ಇಂದಿಗೂ ಇವೆ. ಧರ್ಮದಾಚೆಯ ಮರಾಠಿಗರೂ ಅವರನ್ನು ಹೂಗಳ ಮತ್ತು ಮಕ್ಕಳ ಕವಿಯೆಂದು ತಮ್ಮವರನ್ನಾಗಿ ಮಾಡಿಕೊಂಡರು. ತರುಣ ಕವಿ ಬಾಲಕವಿ ಠೋಂಬರೆ ಅವರ ಮನೆಯಲ್ಲಿ ಮಗನಂತಿದ್ದವನು.

1917ರಲ್ಲಿ ಮಿಷನ್ನಿನ ಸಂಬಳವನ್ನು ತ್ಯಜಿಸಿದರು. ಸಾತಾರೆಯಲ್ಲಿದ್ದುಕೊಂಡು ದೇವರ ದರ್ಬಾರು ಎಂಬ ಬಳಗವನ್ನು ಕಟ್ಟಿದರು. ದೀಕ್ಷಾಸ್ನಾನವಾದವರಿಗೂ ಆಗದವರಿಗೂ ಅಲ್ಲಿ ಒಂದೇ ಪಂಕ್ತಿ. ಮಿಷನರಿಗಳಲ್ಲಿ ಕೆಲವರಿಗೆ ಇದು ಅತಿಯೆನಿಸಿರಬೇಕು. ಆ ಬಳಗ ಬೇರೂರುವಷ್ಟು ಆಯುಸ್ಸು ಅವರಿಗಿರಲಿಲ್ಲ. 1919ರ ಮೇ 9ರಂದು ಮುಂಬಯಿಯಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಹೂಳದೆ ಸುಟ್ಟು, ಅಸ್ಥಿಯನ್ನು ಅಹಮದನಗರಕ್ಕೆ ಒಯ್ದರು.

ಏಸುವಿನ ಚರಿತ್ರೆಯನ್ನು ಓವಿಯಲ್ಲಿ ಹೇಳಹೊರಟ ಅವರ ಕ್ರಿಸ್ತಾಯನವು ಹತ್ತು ಅಧ್ಯಾಯಗಳಿಗೇ ನಿಂತುಹೋಗಿತ್ತು. ಮದುವೆಯಾಗಿ ಬಂದಾಗ ಅಕ್ಷರ ಅರಿಯದಿದ್ದ ಲಕ್ಷ್ಮೀಬಾಯಿ ಅದಕ್ಕೆ ಅರುವತ್ತನಾಲ್ಕು ಅಧ್ಯಾಯಗಳನ್ನು ಸೇರಿಸಿದರು.