ಮದರಾಸಿಗೆ ಉಡುಪಿಯ ರುಚಿ ಹತ್ತಿಸಿದ ಕೃಷ್ಣರಾಯರು

ಊರಿನಿಂದ ನೆಂಟರಿಷ್ಟರು ಚೆನ್ನೈಗೆ ಬಂದರೆ ನಾವು ಅವರನ್ನು ಮೈಲಾಪುರದ ಕಪಾಲೀಶ್ವರನ ಗುಡಿಗೂ ಸಂಜೆ ಮರೀನಾ ಕಡಲ ತೀರಕ್ಕೂ ಕರೆದೊಯ್ಯುವುದು ವಾಡಿಕೆ. ತೀರದಲ್ಲಿ ತೆಂಗಿನ ತುರಿ, ಮಾವಿನಕಾಯಿಯ ಚೂರು ಬೆರೆಸಿದ ಬಿಸಿ ಸುಂಡಲ್ ತಿನ್ನಿಸುತ್ತೇವೆ. ಟ್ರಿಪ್ಲಿಕೇನಿನ ರತ್ನಾ ಕೆಫೆಯಲ್ಲಿ ಸಾಂಬಾರಿನಲ್ಲಿ ಮುಳುಗಿದ ಇಡ್ಲಿಯ ರುಚಿ ತೋರಿಸುತ್ತೇವೆ. ಮಸಾಲೆ ದೋಸೆಗೂ ಕಾಫಿಗೂ ಮಾತ್ರ ನಮ್ಮ ಕಾಲು ತಾನಾಗಿ ರಾಧಾಕೃಷ್ಣನ್ ಸಾಲೈಯ ನ್ಯೂ ವುಡ್‌ಲ್ಯಾಂಡ್ಸಿನ ಕಡೆಗೆ ತಿರುಗುತ್ತದೆ. ಆ ಹೋಟೆಲನ್ನು ಕಟ್ಟಿದವರು ಯಾರೆಂದು ನಮ್ಮ ಮಕ್ಕಳನ್ನು ಕೇಳಿದರೆ ಉತ್ತರ ಬರುವುದು ಅಪರೂಪ. ಆದಕಾರಣ ಆ ಪುಣ್ಯಾತ್ಮರ ಬಾಳಿನ ಕಥೆಯನ್ನು ಈ ಸಂಚಿಕೆಯಲ್ಲಿ ನೆನೆಯಲು ಬಯಸಿದ್ದೇವೆ.

ಕೆ. ಕೃಷ್ಣರಾಯರು ಹುಟ್ಟಿದ್ದು 1898ರಲ್ಲಿ, ಮೂಡುಬಿದಿರೆಗೆ ಸಮೀಪದ ಕಡಂದಲೆ ಎಂಬ ಹಳ್ಳಿಯಲ್ಲಿ. ಮನೆತನ ಬಡತನದ್ದು. ಓದು ಮುಂದುವರಿಸುವ ಅನುಕೂಲವಿಲ್ಲದ ಹುಡುಗನಿಗೆ ಉಡುಪಿಯ ಮಠದ ಅಡುಗೆಮನೆಯೇ ಪಾಠಶಾಲೆಯಾಯಿತು. ಮಠದ ಅಡುಗೆಯೆಂದರೆ ಸಾಮಾನ್ಯ ಸಂಗತಿಯಲ್ಲ. ಈರುಳ್ಳಿ ಬೆಳ್ಳುಳ್ಳಿಗಳನ್ನು ಅಲ್ಲಿ ಮುಟ್ಟುವಂತಿಲ್ಲ. ತೆಂಗು, ಬೆಲ್ಲ, ಹುಣಿಸೆ, ಕುಂಬಳಗಳಿಂದಲೇ ರುಚಿ ಹುಟ್ಟಿಸಬೇಕು. ನೂರಾರು ಎಲೆಗಳಿಗೆ ಹೊತ್ತಿಗೆ ಸರಿಯಾಗಿ ಬಡಿಸಬೇಕು. ಶುಚಿತ್ವದಲ್ಲಿ ಲೋಪ ಬರಕೂಡದು. ಬಂದವನನ್ನು ಹಸಿದು ಕಳುಹಿಸಕೂಡದು. ಇಂತಹ ಮಠಗಳ ಒಲೆಯ ಬಳಿ ಬೆಳೆದ ಕೈಗಳೇ ಮುಂದೆ ಮದರಾಸು, ಮುಂಬಯಿಗಳಲ್ಲಿ ಹೋಟೆಲಿನ ಉದ್ಯಮವನ್ನು ಬೆಳೆಸಿದವು.

1920ರ ದಶಕದ ಆರಂಭದಲ್ಲಿ ರಾಯರು ಮದರಾಸಿಗೆ ಬಂದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಆದುದರಿಂದ ನಮ್ಮವರಿಗೆ ಮದರಾಸು ಪರರಾಜ್ಯವಲ್ಲ, ತಮ್ಮದೇ ಪ್ರಾಂತದ ರಾಜಧಾನಿ. ಕೋರ್ಟು, ಕಾಲೇಜು, ನೌಕರಿ ಎಲ್ಲಕ್ಕೂ ಮಂಗಳೂರಿನಲ್ಲಿ ರೈಲು ಹತ್ತಿ ಇಲ್ಲಿಗೇ ಬರಬೇಕಿತ್ತು. ಆದರೆ ಆಡುವ ಮಾತು ಬೇರೆ, ಉಣ್ಣುವ ಊಟ ಬೇರೆ. ಜಾರ್ಜ್‌ಟೌನಿನ ಆಚಾರಪ್ಪನ್ ಬೀದಿಯ ಒಂದು ಚಿಕ್ಕ ಹೋಟೆಲಿನ ಅಡುಗೆಮನೆಯಲ್ಲಿ ರಾಯರು ಕೆಲಸಕ್ಕೆ ನಿಂತರು. ಕೆಲಕಾಲದ ಮೇಲೆ ಆ ಹೋಟೆಲನ್ನು, ಹಣವನ್ನು ಕಂತುಗಳಲ್ಲಿ ತೀರಿಸುವ ಕರಾರಿನ ಮೇಲೆ, ತಾವೇ ವಹಿಸಿಕೊಂಡರು. ಕೈಯಲ್ಲಿ ಕಾಸಿಲ್ಲದವನಿಗೆ ಹೀಗೆ ಅಂಗಡಿಯೊಂದು ದೊರೆಯಬೇಕಾದರೆ ಅವನ ದುಡಿಮೆಯೇ ಜಾಮೀನಾಗಿದ್ದಿರಬೇಕು.

ಆ ದಶಕ ಮುಗಿಯುವುದರೊಳಗಾಗಿ ಮೌಂಟ್ ರೋಡಿನಲ್ಲಿ ಅವರ ಉಡುಪಿ ಶ್ರೀಕೃಷ್ಣ ವಿಲಾಸ ತಲೆಯೆತ್ತಿತು. ಪಟ್ಟಣದ ದೊಡ್ಡ ಬೀದಿಯಲ್ಲಿ ಉಡುಪಿ ಎಂಬ ಹೆಸರಿನ ಹಲಗೆ ತೂಗಿತು. ಆ ಹೆಸರನ್ನು ಕೇಳಿದರೆ ಸಾಕು, ಊಟ ಶುಚಿ, ಬೆಲೆ ಹಿತ ಎಂಬ ನಂಬಿಕೆ ಕ್ರಮೇಣ ಜನರಲ್ಲಿ ಬೇರೂರಿತು. ಒಂದು ಚಿಕ್ಕ ಕ್ಷೇತ್ರದ ಹೆಸರು ಒಂದು ಬಗೆಯ ಊಟಕ್ಕೇ ಹೆಸರಾಗುವುದು ಲೋಕದಲ್ಲಿ ಎಲ್ಲೆಲ್ಲೂ ನಡೆಯುವ ಮಾತಲ್ಲ.

1938ರಲ್ಲಿ ರಾಯರು ರಾಯಪೇಟೆಯಲ್ಲಿದ್ದ, ರಾಮನಾಡಿನ ರಾಜರ ಬಂಗಲೆಯೊಂದನ್ನು ಗೇಣಿಗೆ ಹಿಡಿದರು. ಮರಗಳ ನಡುವಿನ ಆ ಬಂಗಲೆಯ ಹೆಸರು ವುಡ್‌ಲ್ಯಾಂಡ್ಸ್. ಹೋಟೆಲಿಗೂ ಅದೇ ಹೆಸರು ನಿಂತಿತು. ಕಾಫಿ ತಿಂಡಿಯ ಮಟ್ಟಕ್ಕೆ ನಿಲ್ಲದೆ, ಸಂಸಾರ ಸಮೇತ ಬಂದವರು ತಂಗಲು ಯೋಗ್ಯವಾದ ಸಸ್ಯಾಹಾರಿ ವಸತಿಗೃಹವೊಂದು ಹೀಗೆ ದೊರೆಯಿತು. ಗೇಣಿಯ ಅವಧಿ ಮುಗಿಯುತ್ತ ಬಂದಾಗ ರಾಯರು ಕೈಕಟ್ಟಿ ಕೂರಲಿಲ್ಲ. 1952ರಲ್ಲಿ ಆಗಿನ ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ, ಅಂದರೆ ಈಗಿನ ರಾಧಾಕೃಷ್ಣನ್ ಸಾಲೈಯಲ್ಲಿ, ನ್ಯೂ ವುಡ್‌ಲ್ಯಾಂಡ್ಸನ್ನು ತೆರೆದರು.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಸ್ವಾತಂತ್ರ್ಯಕ್ಕೆ ಮುಂಚಿನ ಮದರಾಸಿನ ಹಲವಾರು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಉಳಿದವರಿಗೆ ಬೇರೆ ಪಂಕ್ತಿ ಇತ್ತು. ಹಣ ಒಂದೇ ಆದರೂ ಕೂರುವ ಜಾಗ ಒಂದೇ ಆಗಿರಲಿಲ್ಲ. ಇದರ ವಿರುದ್ಧ ಈ ಪಟ್ಟಣದಲ್ಲಿ ಹೋರಾಟಗಳು ನಡೆದವು. ಜಾತಿಯ ಕಾರಣಕ್ಕೆ ಯಾರನ್ನೂ ಹೋಟೆಲಿನಿಂದ ಹೊರಗಿಡಕೂಡದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನವೇ ವಿಧಿಸಿತು. ಉಡುಪಿಯ ಅಡುಗೆ ಎಲ್ಲರ ಅಡುಗೆಯಾದುದು ರುಚಿಯೊಂದರಿಂದಲೇ ಅಲ್ಲ, ಆ ಗೋಡೆಗಳು ಬಿದ್ದುದರಿಂದ ಕೂಡ.

ಆ ಹೊಸ ಕಾಲಕ್ಕೆ ಒಪ್ಪುವ ಹೋಟೆಲನ್ನೂ ರಾಯರೇ ಕಟ್ಟಿದರು. 1962ರಲ್ಲಿ ಕೆಥೀಡ್ರಲ್ ರಸ್ತೆಯಲ್ಲಿ, ತೋಟಗಾರಿಕೆ ಸಂಘದ ಮರಗಳ ನೆರಳಿನಲ್ಲಿ, ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ ಪ್ರಾರಂಭವಾಯಿತು. ಕಾರಿನಲ್ಲಿ ಬಂದವರಿಗೆ ಕಿಟಕಿಗೆ ತಟ್ಟೆ ಸಿಕ್ಕಿಸಿ ತಿಂಡಿ ಕೊಡುತ್ತಿದ್ದರು. ಕಾರಿಲ್ಲದವರಿಗೆ ಒಳಗೆ ಮೇಜು ಕುರ್ಚಿಗಳಿದ್ದವು. ಒಂದೇ ಲೋಟ ಕಾಫಿ ತರಿಸಿಕೊಂಡು ಗಂಟೆಗಟ್ಟಲೆ ಕುಳಿತ ವಿದ್ಯಾರ್ಥಿಗಳನ್ನೂ ಬರಹಗಾರರನ್ನೂ ಯಾರೂ ಏಳಿಸುತ್ತಿರಲಿಲ್ಲ. ಪರಸ್ಥಳದಲ್ಲಿ ನೆಲೆ ಹುಡುಕುವವನಿಗೆ ಹೀಗೆ ನೆಮ್ಮದಿಯಾಗಿ ಕೂರುವ ಒಂದು ಜಾಗದ ಬೆಲೆ ಎಷ್ಟೆಂಬುದು ನಮ್ಮಂತಹ ವಲಸೆಗಾರರಿಗೆ ಚೆನ್ನಾಗಿ ಗೊತ್ತು.

ಇದರ ನಡುವೆ, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತ್ತು. ನಾವು ಪ್ರತಿವರ್ಷ ಸಂಭ್ರಮದಿಂದ ಆಚರಿಸುವ ದಿನ ಅದು. ಮದರಾಸಿನಲ್ಲಿದ್ದ ಕರಾವಳಿಯವರಿಗೆ ಮಾತ್ರ ಅಂದು ಒಂದು ವಿಚಿತ್ರ ಒದಗಿತು. ಮನೆ ಬದಲಾಗಲಿಲ್ಲ, ಬೀದಿ ಬದಲಾಗಲಿಲ್ಲ. ಆದರೂ ಬೆಳಗಾಗುವುದರಲ್ಲಿ ಅವರು ಹೊರನಾಡ ಕನ್ನಡಿಗರಾಗಿದ್ದರು. ರಾಯರೂ ಅವರಲ್ಲೊಬ್ಬರು. ಊರು ಅತ್ತ ಉಳಿದರೂ ದುಡಿಮೆಯನ್ನು ಅವರು ಈ ಪಟ್ಟಣದಲ್ಲೇ ಮುಂದುವರಿಸಿದರು. 1990ರಲ್ಲಿ ಅವರು ಕಾಲವಾದರು.

ಡ್ರೈವ್‌ಇನ್ 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ಅಲ್ಲಿ ಅಡ್ಡಾಡುವಾಗ ನಮ್ಮಲ್ಲಿ ಹಿರಿಯರಾದವರಿಗೆ ಮರದಡಿಯ ಕಾಫಿಯ ಪರಿಮಳ ನೆನಪಾಗದೆ ಇರದು. ಕಟ್ಟಡಗಳು ಹೋಗುತ್ತವೆ, ರುಚಿ ಉಳಿಯುತ್ತದೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ರುಚಿಯೂ ತಾನಾಗಿ ಉಳಿಯುವುದಲ್ಲ. ದೋಸೆ ಸಾಂಬಾರುಗಳು ಹೋಟೆಲು ಸೇರಿ ಬದುಕಿಕೊಂಡವು. ಪತ್ರೊಡೆ, ತಂಬುಳಿ, ಮೂಡೆಗಳ ಗತಿ ಹಾಗಲ್ಲ. ಅವು ನಮ್ಮ ತಾಯಂದಿರ ಕೈಯನ್ನೇ ನಂಬಿವೆ. ಮನೆಯೊಳಗಿನ ಕನ್ನಡದ, ತುಳುವಿನ ಪಾಡೂ ಅಷ್ಟೇ.

ಹಾಗಾದುದರಿಂದ ಓದುಗರಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಸಲ ಮಕ್ಕಳಿಗೆ ಮಸಾಲೆ ದೋಸೆ ಕೊಡಿಸುವಾಗ ಕಡಂದಲೆಯ ಈ ಹುಡುಗನ ಕಥೆಯನ್ನು ಹೇಳಿರಿ. ಅದನ್ನು ನಮ್ಮ ಮಾತಿನಲ್ಲೇ ಹೇಳಿರಿ. ರಾಯರ ನೆನಪಿಗೆ ನಮ್ಮ ನಮಸ್ಕಾರಗಳು.