ಪರೇಲಿನಲ್ಲಿ ರಕ್ತದ ಗುಟ್ಟು ಅರಿತ ಡಾ. ಲೂಸಿ ವಿಲ್ಸ್

ಗರ್ಭಿಣಿಯರಿಗೆ ವೈದ್ಯರು ಮೊದಲು ಬರೆದುಕೊಡುವ ಗುಳಿಗೆಗಳಲ್ಲಿ ಫೋಲಿಕ್ ಆಮ್ಲವೂ ಒಂದು. ದಹಿಸರ್ ಪರಿಸರದ ನಮ್ಮ ಮನೆಗಳಿಗೂ ಚಿರಪರಿಚಿತವಾದ ಈ ಪುಟ್ಟ ಗುಳಿಗೆಯ ಕಥೆ ಆರಂಭವಾದದ್ದು ಇದೇ ಮಹಾನಗರದ ಪರೇಲಿನಲ್ಲಿ ಎಂಬುದು ಅನೇಕರಿಗೆ ತಿಳಿದಿರಲಾರದು. ಆ ಶೋಧದ ರೂವಾರಿ ಡಾ. ಲೂಸಿ ವಿಲ್ಸ್.

1888ರ ಮೇ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಮೀಪ ಜನಿಸಿದ ಲೂಸಿ, ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹಾಗೂ ಭೂಗರ್ಭಶಾಸ್ತ್ರವನ್ನು ಅಭ್ಯಸಿಸಿದರು. ಬಳಿಕ ಲಂಡನ್ನಿನ ಮಹಿಳಾ ವೈದ್ಯಕೀಯ ವಿದ್ಯಾಲಯವನ್ನು ಸೇರಿ 1920ರಲ್ಲಿ ವೈದ್ಯೆಯಾದರು. ಆದರೆ ಅವರ ಮನಸ್ಸು ಒಲಿದದ್ದು ಸಂಶೋಧನೆಗೆ.

1928ರಲ್ಲಿ ಅವರು ಮುಂಬಯಿಗೆ ಬಂದು ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಕಾರ್ಯಾರಂಭಿಸಿದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಆಗ ತೀವ್ರ ರಕ್ತಹೀನತೆ ಬಲಿ ಪಡೆಯುತ್ತಿತ್ತು. ಅವರ ಕೆಂಪು ರಕ್ತಕಣಗಳು ಸಂಖ್ಯೆಯಲ್ಲಿ ಕುಗ್ಗಿ, ಗಾತ್ರದಲ್ಲಿ ಹಿಗ್ಗಿರುತ್ತಿದ್ದವು. ಸೋಂಕು ಕಾರಣವಿರಬಹುದೇ ಎಂದು ಶೋಧಿಸಿದ ಲೂಸಿಗೆ ಅದರ ಸುಳಿವು ಸಿಗಲಿಲ್ಲ. ಆಗ ಅವರ ದೃಷ್ಟಿ ಹರಿದದ್ದು ಆ ತಾಯಂದಿರ ಊಟದ ತಟ್ಟೆಯತ್ತ. ರೋಗದ ಮೂಲ ಅಲ್ಲಿನ ಕೊರತೆಯಲ್ಲಿತ್ತು.

ಇಲಿ, ಕೋತಿಗಳ ಮೇಲಿನ ಪ್ರಯೋಗಗಳ ಜೊತೆಗೆ ರೋಗಿಗಳಿಗೆ ಯೀಸ್ಟ್‌ನಿಂದ ತಯಾರಾಗುವ ಅಗ್ಗದ ಮಾರ್ಮೈಟ್ ನೀಡಿದಾಗ ಅವರು ಬೇಗನೆ ಚೇತರಿಸಿಕೊಂಡರು. 1931ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಯಕೃತ್ತಿನ ಶುದ್ಧೀಕರಿಸಿದ ಸಾರದಿಂದ ಗುಣವಾಗದವರು ಅದರ ಕಚ್ಚಾ ಸಾರದಿಂದ ಗುಣವಾಗುವುದನ್ನೂ ಮುಂದೆ ಅವರು ಗಮನಿಸಿದರು. ಹೊರನೋಟಕ್ಕೆ ಒಂದೇ ಎನಿಸುವ ಈ ಕಾಯಿಲೆಯ ಹಿಂದೆ ಎರಡು ಬೇರೆ ಬೇರೆ ಕೊರತೆಗಳಿದ್ದುದು ಹೀಗೆ ಬೆಳಕಿಗೆ ಬಂತು. ಲೂಸಿ ಕಂಡ ಅಂಶ 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಟ್ಟು ಫೋಲಿಕ್ ಆಮ್ಲವೆನಿಸಿತು. ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ತಂಡದ ನೇತೃತ್ವ ವಹಿಸಿದವರು ಭೀಮಾವರಂನಲ್ಲಿ ಜನಿಸಿದ ಯೆಲ್ಲಾಪ್ರಗಡ ಸುಬ್ಬರಾವ್. ಇನ್ನೊಂದು ಅಂಶವಾದ ಬಿ12 ಜೀವಸತ್ವ 1948ರಲ್ಲಿ ದೊರೆಯಿತು.

ಈ ಭೇದ ಇಂದಿಗೂ ಮುಖ್ಯ. ಬಿ12 ಕೊರತೆಯಿದ್ದವರು ಫೋಲಿಕ್ ಆಮ್ಲವನ್ನಷ್ಟೇ ಸೇವಿಸಿದರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳಿಗೆ ಹಾನಿ ಮುಂದುವರಿಯಬಹುದು. ರಕ್ತದಲ್ಲಿ ಬಿ12 ಪ್ರೋಟೀನುಗಳಿಗೆ ಅಂಟಿಕೊಂಡು ಸಂಚರಿಸುತ್ತದೆ. ಟ್ರಾನ್ಸ್‌ಕೋಬಾಲಮಿನ್ ಎಂಬ ಪ್ರೋಟೀನು ಹೊತ್ತೊಯ್ಯುವ ಪಾಲು ಮಾತ್ರ ಜೀವಕೋಶಗಳಿಗೆ ಒದಗುತ್ತದೆ. ಅದು ಒಟ್ಟು ಪ್ರಮಾಣದ ಸುಮಾರು ಕಾಲುಭಾಗವಷ್ಟೇ. ಈಗ ಪ್ರಯೋಗಾಲಯಗಳಲ್ಲಿ, ನಿರ್ದಿಷ್ಟ ಪ್ರೋಟೀನನ್ನಷ್ಟೇ ಹಿಡಿಯಬಲ್ಲ ಪ್ರತಿಕಾಯಗಳ ನೆರವಿನಿಂದ ಈ ಪಾಲನ್ನು ಪ್ರತ್ಯೇಕವಾಗಿ ಅಳೆಯಬಹುದು. ಸಸ್ಯಾಹಾರಿ ಕುಟುಂಬಗಳು ಇದನ್ನು ಅರಿತಿರುವುದು ಒಳಿತು. ಲೂಸಿಗೆ ಇಂಥ ಸಲಕರಣೆಗಳಿರಲಿಲ್ಲ. ಇದ್ದದ್ದು ಸೂಕ್ಷ್ಮದರ್ಶಕ, ತಾಳ್ಮೆ ಮತ್ತು ಬಡತನವನ್ನು ಕಾಣಬಲ್ಲ ಕಣ್ಣು.

1947ರಲ್ಲಿ ನಿವೃತ್ತರಾದ ಮೇಲೂ ಪೌಷ್ಟಿಕಾಂಶಗಳ ಅಧ್ಯಯನವನ್ನು ಅವರು ಕೈಬಿಡಲಿಲ್ಲ. ಅವಿವಾಹಿತರಾಗಿಯೇ ಉಳಿದ ಅವರು ಲಂಡನ್ನಿನ ಚೆಲ್ಸಿಯಲ್ಲಿ ನಗರಸೇವಕಿಯಾಗಿಯೂ ಜನಸೇವೆಗೈದು 1964ರ ಏಪ್ರಿಲ್ 16ರಂದು ನಿಧನರಾದರು. ಪರೇಲಿನ ಹಾದಿಯಲ್ಲಿ ಸಾಗುವಾಗ, ಪರದೇಶದಿಂದ ಬಂದು ಇಲ್ಲಿನ ತಾಯಂದಿರ ಜೀವ ಉಳಿಸಿದ ಈ ಮಹಿಳೆಯನ್ನು ನಾವು ಕೃತಜ್ಞತೆಯಿಂದ ನೆನೆಯಬೇಕಾಗಿದೆ.