ಪರರ ಹಣಕ್ಕೆ ಕಾವಲಾದ ನ್ಯಾಯವಾದಿ: ಅಮ್ಮೆಂಬಳ ಸುಬ್ಬರಾವ್ ಪೈ

ಹಣದ ವಿಷಯದಲ್ಲಿ ಸಲಹೆ ಕೊಡುವವರು ಎಲ್ಲ ಕಾಲಕ್ಕೂ, ಎಲ್ಲ ಊರಲ್ಲಿಯೂ ಇದ್ದಾರೆ. ತನ್ನ ಲಾಭವನ್ನು ಬದಿಗಿರಿಸಿ, ಕೇಳಬಂದವನ ಹಿತವನ್ನೇ ಕಂಡು ನುಡಿಯುವವರು ಮಾತ್ರ ವಿರಳ. ನಮ್ಮ ಮಣ್ಣೂರ ಸೀಮೆಯ ರೈತನನ್ನೇ ನೋಡಬಹುದು. ಮಳೆಯನ್ನು ನಂಬಿ ತೊಗರಿ ಬಿತ್ತುವ ಅವನಿಗೆ ಬೀಜ-ಗೊಬ್ಬರಕ್ಕೆ ಮುಂಗಡ ಕೊಡುವ ಅಡತಿಯವನೇ ಸುಗ್ಗಿಯಲ್ಲಿ ಅವನ ಮಾಲನ್ನು ಮಾರಿಸಿ ದಲಾಲಿ ಪಡೆಯುವುದುಂಟು. ಆ ವರ್ತಕನು ಸಜ್ಜನನೇ ಆಗಿರಬಹುದು. ಆದರೂ ಮಾಲನ್ನು ಈಗ ಮಾರಬೇಕೋ, ಬೆಲೆ ಏರುವವರೆಗೆ ಕಾಯಬೇಕೋ ಎಂದು ರೈತನು ಕೇಳಿದಾಗ, ಉತ್ತರಿಸುವವನ ಸ್ವಂತ ಲಾಭವೂ ಆ ಉತ್ತರದೊಳಗೆ ಸೇರಿರುತ್ತದೆ. ನಿವೃತ್ತಿಯ ಗಂಟನ್ನು ಎಲ್ಲಿಡಬೇಕೆಂದು ವಿಚಾರಿಸುವ ಶಿಕ್ಷಕನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಈ ತೊಡಕನ್ನು ತಮ್ಮ ನಡೆಯಿಂದಲೇ ಬಿಡಿಸಿ ತೋರಿದ ಹಿರಿಯರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಒಬ್ಬರು.

ಶ್ರೀಯುತರು 1852ರ ನವೆಂಬರ 19ರಂದು ಮಂಗಳೂರಿನ ಸಮೀಪದ ಮುಲ್ಕಿಯಲ್ಲಿ ಜನಿಸಿದರು. ತಂದೆ ಉಪೇಂದ್ರ ಪೈಯವರು ಅಲ್ಲಿಯ ಮುನ್ಸೀಫ ನ್ಯಾಯಾಲಯದಲ್ಲಿ ವಕೀಲರಾಗಿದ್ದರು. ಮುಲ್ಕಿ, ಮಂಗಳೂರುಗಳಲ್ಲಿ ಆರಂಭದ ಶಿಕ್ಷಣವನ್ನು ಮುಗಿಸಿದ ಸುಬ್ಬರಾಯರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಅಲ್ಲಿ ನ್ಯಾಯಮೂರ್ತಿ ಹಾಲೊವೇ ಅವರ ಪ್ರಭಾವಕ್ಕೆ ಒಳಗಾಗಿ ಕಾನೂನಿನ ವ್ಯಾಸಂಗವನ್ನು ಕೈಕೊಂಡು, ಮುಂದೆ ಮಂಗಳೂರಿಗೆ ಮರಳಿ ವಕೀಲಿ ವೃತ್ತಿಯನ್ನು ಆರಂಭಿಸಿದರು.

ವ್ಯಾಜ್ಯವು ಬೆಳೆದಷ್ಟೂ ವಕೀಲನ ಸಂಪಾದನೆ ಬೆಳೆಯುವುದು ಆ ವೃತ್ತಿಯ ಸ್ವಭಾವ. ಭೂಮಿಯ ಮೇರೆಗಾಗಿ, ಪಾಲಿಗಾಗಿ, ಸಾಲಪತ್ರಕ್ಕಾಗಿ ಕಟ್ಟೆ ಹತ್ತಿದ ಕುಟುಂಬವು ಗೆದ್ದರೂ ಬಡವಾಗುವುದನ್ನು ನಮ್ಮ ಹಳ್ಳಿಗಳೂ ಕಂಡಿವೆ. ಸುಬ್ಬರಾಯರು ಸತ್ಯನಿಷ್ಠ ವಕೀಲರೆಂದು ಹೆಸರಾದರು. ಉಭಯ ಪಕ್ಷದವರನ್ನೂ ಕೂಡಿಸಿ ರಾಜಿ ಮಾಡಿಸಲು ಸದಾ ಯತ್ನಿಸಿದರು. ರಾಜಿಯಾದ ಪ್ರತಿಯೊಂದು ಮೊಕದ್ದಮೆಯೂ ವಕೀಲರ ಪಾಲಿಗೆ ತಪ್ಪಿಹೋದ ಆದಾಯವೇ ಸರಿ. ಅದನ್ನು ಅರಿತೂ ಆ ಸಲಹೆಯನ್ನೇ ಕೊಟ್ಟುದರಲ್ಲಿ ಅವರ ವೃತ್ತಿಧರ್ಮದ ತಿರುಳಿದೆ. ಕೇಳಬಂದವನ ಕಷ್ಟವು ತನ್ನ ಬೆಳೆಯಾಗಬಾರದೆಂಬ ಈ ವಿವೇಕವೇ ಮುಂದೆ ಅವರ ಎಲ್ಲ ಕಾರ್ಯಗಳಿಗೂ ಅಡಿಗಲ್ಲಾಯಿತು.

1891ರಲ್ಲಿ ಅವರು ಮಂಗಳೂರಿನಲ್ಲಿ ಕೆನರಾ ಹಾಯಸ್ಕೂಲನ್ನು ಸ್ಥಾಪಿಸಿದರು. ಮೂರು ವರ್ಷಗಳ ತರುವಾಯ, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಸಮಾಜವು ಹಿಂದೆಮುಂದೆ ನೋಡುತ್ತಿದ್ದ 1894ರಲ್ಲಿ, ಬಾಲಕಿಯರಿಗಾಗಿಯೇ ಪ್ರತ್ಯೇಕ ಶಾಲೆಯೂ ಆರಂಭವಾಯಿತು. ಬ್ಯಾಂಕಿಗಿಂತ ಶಾಲೆಯು ಹದಿನೈದು ವರ್ಷ ಮೊದಲು ಹುಟ್ಟಿತೆಂಬುದು ಗಮನಿಸತಕ್ಕ ಸಂಗತಿ. ಪತ್ರವನ್ನು ಓದಲಾರದೆ ಹೆಬ್ಬೆಟ್ಟು ಒತ್ತುವವನಿಗೆ ಯಾವ ಕಾನೂನೂ ಪೂರ್ಣ ರಕ್ಷಣೆ ಕೊಡಲಾರದು. ಬಡ್ಡಿಯ ಲೆಕ್ಕವನ್ನು ತಾನೇ ಹಾಕಬಲ್ಲವನು ಮೋಸಹೋಗುವುದು ಕಡಿಮೆ.

ಅನಂತರ 1906ರ ಜುಲೈ 1ರಂದು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬ ಸಂಸ್ಥೆ ಜನ್ಮತಾಳಿತು. ತಲಾ 50 ರೂಪಾಯಿಗಳ 2000 ಷೇರುಗಳು ಅದರ ಬಂಡವಾಳ. ಚಿಕ್ಕ ಉಳಿತಾಯಗಳನ್ನು ಒಂದೆಡೆ ಕೂಡಿಸಿ ಅಗತ್ಯವುಳ್ಳವರಿಗೆ ಸಾಲವಾಗಿ ಒದಗಿಸುವ ಇಂಥ ನಿಧಿಗಳು ಮದ್ರಾಸ್ ಪ್ರಾಂತಕ್ಕೆ ಹೊಸವಾಗಿರಲಿಲ್ಲ. ಮಿತವ್ಯಯ, ವಿದ್ಯಾಪ್ರಸಾರ, ದೀನರಿಗೆ ನೆರವು ಇವುಗಳನ್ನೂ ಹಣಕಾಸಿನ ಸಂಸ್ಥೆಯ ಧ್ಯೇಯಗಳೊಳಗೆ ಸೇರಿಸಿದುದು ಸುಬ್ಬರಾಯರ ವೈಶಿಷ್ಟ್ಯ. ಜನರ ಹಣವನ್ನು ಹಿಡಿದಿರುವವನು ಅದರ ಒಡೆಯನಲ್ಲ, ಕಾವಲುಗಾರನು ಎಂಬ ಭಾವನೆಯನ್ನು ಅವರು ಸಂಸ್ಥೆಯ ಬುನಾದಿಯಲ್ಲಿಯೇ ಇರಿಸಿದರು.

ಇದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, ಅದೇ ವರ್ಷದ ಅಕ್ಟೋಬರದಲ್ಲಿ, ಮದ್ರಾಸಿನ ಪ್ರಖ್ಯಾತ ಆರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತು. ಬಹುಕಾಲದ ಹೆಸರನ್ನೂ ಒಡೆಯರ ಪ್ರತಿಷ್ಠೆಯನ್ನೂ ನಂಬಿ ಸರಕಾರಿ ನೌಕರರು, ನಿವೃತ್ತರು, ಸಾಮಾನ್ಯ ಗೃಹಸ್ಥರು ಅದರಲ್ಲಿ ಠೇವಣಿಯಿಟ್ಟಿದ್ದರು. ಅವರ ಹಣವು ಅವರಿಗರಿಯದಂತೆ ದೂರದೇಶದ ಸಟ್ಟಾ ವ್ಯವಹಾರಗಳಲ್ಲಿ ಕರಗಿಹೋಗಿತ್ತು. ಕಂಪನಿಯ ಮುಖ್ಯಸ್ಥ ಸರ್ ಜಾರ್ಜ್ ಆರ್ಬತ್‌ನಾಟನಿಗೆ ಹದಿನೆಂಟು ತಿಂಗಳ ಸೆರೆವಾಸವಾಯಿತು. ಶಿಕ್ಷೆಯಿಂದ ಠೇವಣಿದಾರರ ಕಣ್ಣೀರು ನಿಲ್ಲಲಿಲ್ಲ. ಪ್ರತಿಷ್ಠೆಯು ಪ್ರಾಮಾಣಿಕತೆಗೆ ಜಾಮೀನಲ್ಲವೆಂಬ ಪಾಠವನ್ನು ನಾಡು ಬಹು ದುಬಾರಿ ಬೆಲೆಗೆ ಕಲಿಯಿತು.

ಸುಬ್ಬರಾಯರು 1909ರಲ್ಲಿ, ಐವತ್ತಾರರ ವಯಸ್ಸಿನಲ್ಲಿಯೇ, ದಿವಂಗತರಾದರು. ತಾವು ನೆಟ್ಟ ಬ್ಯಾಂಕನ್ನು ಅವರು ನಡೆಸಿದ್ದು ಕೇವಲ ಮೂರು ವರ್ಷ. 1910ರಲ್ಲಿ ಆ ಫಂಡು ಕೆನರಾ ಬ್ಯಾಂಕು ಎಂಬ ಹೆಸರನ್ನು ಪಡೆಯಿತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕನ್ನೂ ತನ್ನೊಳಗೆ ಕೂಡಿಸಿಕೊಂಡಿತು. ಸ್ಥಾಪಕರು ಗತಿಸಿದ ಮೇಲೆಯೂ ಸಂಸ್ಥೆಯು ಬಾಳಿದುದು ಗಮನಾರ್ಹ. ಒಬ್ಬನ ಸಜ್ಜನಿಕೆಯು ಅವನೊಡನೆ ಅಳಿಯಬಾರದಾದರೆ ಅದು ನಿಯಮದ ರೂಪವನ್ನು ತಾಳಬೇಕು.

ನಮಗೆ ಹತ್ತಿರದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ಕಟ್ಟಿದ ಪತ್ತಿನ ಸಹಕಾರ ಸಂಘವೂ ಇದೇ ತತ್ವದ ಇನ್ನೊಂದು ಮುಖ. 1904ರ ಕಾಯಿದೆಯಂತೆ ಇಂಥ ಗ್ರಾಮೀಣ ಸಂಘಗಳ ಸದಸ್ಯರು ಸಂಘದ ಸಾಲಕ್ಕೆ ಮಿತಿಯಿಲ್ಲದ ಹೊಣೆ ಹೊರಬೇಕಿತ್ತು. ಲಾಭವು ಮೀಸಲು ನಿಧಿಗೆ ಸೇರಬೇಕಿತ್ತು. ಲೆಕ್ಕಪತ್ರಗಳನ್ನು ಸರಕಾರದ ರಿಜಿಸ್ಟ್ರಾರರು ತಪಾಸಣೆ ಮಾಡಿಸುತ್ತಿದ್ದರು. ನೆರೆಯವನ ಸಾಲ ಕೆಟ್ಟರೆ ತನ್ನ ಮನೆಗೂ ಹಾನಿಯೆಂದು ತಿಳಿದವನು ದುಡುಕಿನ ಸಾಲಕ್ಕೆ ಒಪ್ಪಿಗೆ ಕೊಡಲಾರನು. ಸಲಹೆಗಾರನ ಹಿತವನ್ನೂ ಸಾಲಗಾರನ ಹಿತವನ್ನೂ ಒಂದೇ ನೊಗಕ್ಕೆ ಹೂಡಿದ ವ್ಯವಸ್ಥೆಯದು. ಭಾರತೀಯ ಷೇರು ಮತ್ತು ವಿನಿಮಯ ಮಂಡಳಿಯು 2013ರಲ್ಲಿ ಹೂಡಿಕೆ ಸಲಹೆಗಾರರಿಗಾಗಿ ರಚಿಸಿದ ನಿಯಮಾವಳಿಯೂ ಇದೇ ಜಾಡಿನಲ್ಲಿ ನಡೆದಿದೆ. ಸಲಹೆಗಾರನು ವಿಶ್ವಸ್ತನಂತೆ ವರ್ತಿಸಬೇಕು, ತನ್ನ ಸ್ವಹಿತವೇನಾದರೂ ಅಡ್ಡಬರುವಂತಿದ್ದರೆ ಅದನ್ನು ಮೊದಲೇ ತಿಳಿಸಬೇಕು ಎಂದು ಅದು ವಿಧಿಸುತ್ತದೆ. 2020ರ ತಿದ್ದುಪಡಿಯಂತೆ ಒಬ್ಬನೇ ಗಿರಾಕಿಗೆ ಶುಲ್ಕ ಪಡೆದು ಸಲಹೆ ಕೊಡುವುದೂ ದಲಾಲಿ ಪಡೆದು ಯೋಜನೆ ಮಾರುವುದೂ ಒಟ್ಟಿಗೆ ಸಲ್ಲವು.

ಆದರೆ ನಿಯಮವು ಎಲ್ಲ ಕಡೆಗೂ ತಲುಪಲಾರದು. ಕಟ್ಟೆಯ ಮೇಲೆ, ಸಂತೆಯಲ್ಲಿ, ಬೀಗರ ಮನೆಯಲ್ಲಿ ಹಣದ ಮಾತು ನಡೆಯುತ್ತಲೇ ಇರುತ್ತದೆ. ಹಳ್ಳಿಯ ಜನರು ಇಂದಿಗೂ ಮೊದಲು ವಿಚಾರಿಸುವುದು ಓದಿಬಲ್ಲ ಶಿಕ್ಷಕರನ್ನೂ ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಗಳನ್ನೂ. ಈ ಸಲಹೆಯಿಂದ ನನಗೇನು ದೊರೆಯುತ್ತದೆ ಎಂಬುದನ್ನು ಮುಚ್ಚಿಡದೆ ಹೇಳುವ ಧೈರ್ಯ ಅವರಲ್ಲಿದ್ದರೆ ಎಷ್ಟೋ ಮನೆಗಳು ಉಳಿದಾವು. ದಾನಿಗಳ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಿಗೂ ಇದೇ ಅಳತೆಗೋಲು ಸಲ್ಲುತ್ತದೆ: ಕೊಟ್ಟವರ ಪ್ರತಿ ರೂಪಾಯಿಗೂ ಲೆಕ್ಕವಿರಬೇಕು, ಆ ಲೆಕ್ಕವು ಕೇಳಿದವರ ಕಣ್ಣಿಗೆ ಕಾಣುವಂತಿರಬೇಕು. ಶಾಲೆಯನ್ನೂ ಬ್ಯಾಂಕನ್ನೂ ಒಂದೇ ಕೈಯಿಂದ ಕಟ್ಟಿದ ಆ ಮಹನೀಯರ ಸ್ಮರಣೆಗೆ ಇದಕ್ಕಿಂತ ಯೋಗ್ಯವಾದ ಸಲ್ಲಿಕೆ ಬೇರೊಂದಿಲ್ಲ.